ಸಾಕಿದ ಕೈಗಳಿಗೆ ಕಾಗದವೆಲ್ಲಿ?

ಕಳೆದ ತಿಂಗಳು ಬಂಗಾರಪೇಟೆಯ ನಮ್ಮ ಮೊಹಲ್ಲಾದ ಮಹಿಳೆಯೊಬ್ಬರು ನನಗೆ ಕರೆ ಕಳುಹಿಸಿದರು. ಓಣಿಯ ಹಿರಿಯರೂ ಕಿರಿಯರೂ ಅವರನ್ನು ಖಾಲಾ ಎಂದೇ ಕರೆಯುವುದರಿಂದ ಇಲ್ಲಿಯೂ ನಾನು ಹಾಗೆಯೇ ಕರೆಯುತ್ತೇನೆ. ಅವರ ತಂಗಿ ರಾಬರ್ಟ್‌ಸನ್‌ಪೇಟೆಯಲ್ಲಿ ಎರಡನೆಯ ಹೆರಿಗೆಯ ವೇಳೆ ತೀರಿಕೊಂಡಾಗ ಮೊದಲ ಮಗುವಿಗೆ ಒಂದೂವರೆ ವರ್ಷವೂ ತುಂಬಿರಲಿಲ್ಲ. "ಸದ್ಯಕ್ಕೆ ನಿಮ್ಮಲ್ಲಿರಲಿ" ಎಂದು ತಂದೆ ಮಗುವನ್ನು ಒಪ್ಪಿಸಿ ಹೋದರು. ಬೇರೆ ಊರಿನಲ್ಲಿ ಮರುವಿವಾಹವಾಯಿತು, ಅಲ್ಲಿ ಬೇರೆ ಮಕ್ಕಳಾದರು. ಆ 'ಸದ್ಯ'ವು ಹದಿಮೂರು ವರ್ಷಗಳಷ್ಟು ಉದ್ದವಾಯಿತು. ಖಾಲಾ ತಮ್ಮ ಕಿರಿಯ ಮಗಳ ಜೊತೆಯಲ್ಲೇ ಅವನಿಗೂ ಹಾಲುಣಿಸಿದರು, ಅಕ್ಷರ ಕಲಿಸಿದರು, ಖತ್ನಾ ಮಾಡಿಸಿದರು, ಕುರ್‌ಆನ್ ಓದಿಸಿದರು.

ಇತ್ತೀಚೆಗೆ ಹುಡುಗ ಬಿದ್ದು ತೋಳಿನ ಮೂಳೆ ಮುರಿದುಕೊಂಡ. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಆಸ್ಪತ್ರೆಯವರು ತಂದೆ ಅಥವಾ ತಾಯಿಯ ಸಹಿ ಕೇಳಿದರು. "ನಾನೇ ತಾಯಿ" ಎಂದ ಖಾಲಾರ ಆಧಾರ್ ಕಾರ್ಡನ್ನೂ ಹುಡುಗನ ಕಾರ್ಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದ ಗುಮಾಸ್ತರು ತಲೆಯಾಡಿಸಿದರು. ತಂದೆಗೆ ಕರೆ ಮಾಡಲಾಯಿತು. ಅವರು ಮರುದಿನ ಬಂದರು, ಸಹಿ ಮಾಡಿದರು. ಹುಡುಗನ ಎತ್ತರವನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಕೈ ವಾಸಿಯಾದ ಮೇಲೆ ಕರೆದುಕೊಂಡು ಹೋಗುತ್ತೇನೆ, ಅಂಗಡಿಯಲ್ಲಿ ಕೂರಲು ಒಬ್ಬ ಬೇಕು" ಎಂದರು.

"ಬೇಟಾ, ನೀನು ಮದ್ರಸಾದಲ್ಲೂ ಓದಿದವನು, ಕಾಲೇಜೂ ಮುಗಿಸಿದವನು. ನನಗೇನು ಹಕ್ಕಿದೆ ಹೇಳು" ಎಂದು ಖಾಲಾ ಕೇಳಿದರು. ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಮದ್ರಸಾದಲ್ಲಿ ನಾವು ದತ್ತುವಿನ ಬಗ್ಗೆ ಓದಿದ್ದು ಅದು ಏಕೆ ಸಲ್ಲದು ಎಂಬುದನ್ನು. ಕಾಲೇಜಿನಲ್ಲಿ ಆ ಪಾಠವೇ ಇರಲಿಲ್ಲ. ಅನಂತರ ವಕೀಲರನ್ನು ಕೇಳಿ, ಕಾಯ್ದೆಗಳನ್ನು ಓದಿ ತಿಳಿದುಕೊಂಡುದನ್ನು ಓದುಗರ ಮುಂದಿಡುತ್ತಿದ್ದೇನೆ. ಏಕೆಂದರೆ ಇದು ಒಬ್ಬ ಖಾಲಾರ ಸಮಸ್ಯೆ ಮಾತ್ರವಲ್ಲ.

ಕೆ.ಜಿ.ಎಫ್. ಎಂದೊಡನೆ ಈಗಿನವರಿಗೆ ನೆನಪಾಗುವುದು ಸಿನಿಮಾ. ನಮ್ಮ ಕೆ.ಜಿ.ಎಫ್. ಬೇರೆಯೇ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಆರಂಭಿಸಿದ ಗಣಿಗಾರಿಕೆಯು 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚುವುದರೊಂದಿಗೆ ಕೊನೆಗೊಂಡಿತು. ಆಗ ನನಗೆ ಹತ್ತು ವರ್ಷ. ಗಣಿಯ ಸಂಬಳವನ್ನು ನೆಚ್ಚಿಕೊಂಡಿದ್ದವರು ಸುರಂಗಕ್ಕೆ ಇಳಿಯುವವರು ಮಾತ್ರವಾಗಿರಲಿಲ್ಲ. ಆ ಸಂಬಳದ ಮೇಲೆಯೇ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳ ಅಂಗಡಿಗಳೂ ನಡೆಯುತ್ತಿದ್ದವು. ಬಳಿಕ ಊರಿನ ದುಡಿಯುವ ಜನ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ರೈಲು ಹತ್ತಿದರು. ಬೆಳಕು ಹರಿಯುವ ಮುನ್ನ ಹೊರಟವರು ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಕೆಲವರು ಬೆಂಗಳೂರಿನಲ್ಲೇ ಉಳಿದರು, ಕೆಲವರು ಇನ್ನೂ ದೂರ ಹೋದರು. ಮಕ್ಕಳು ಯಾರ ಬಳಿ ಉಳಿದರು? ನಾನಿಯ ಬಳಿ, ದಾದಿಯ ಬಳಿ, ಫೂಫಿಯ ಬಳಿ, ಖಾಲಾಳ ಬಳಿ. ಜಾತಿ ಮತದ ಭೇದವಿಲ್ಲದೆ ಈ ಭಾಗದ ಎಲ್ಲ ಸಮುದಾಯಗಳಲ್ಲೂ ಹೀಗೆಯೇ ಆಯಿತು. ಮಗುವನ್ನು ಒಪ್ಪಿಸಿದ್ದೂ ಬಾಯಿಮಾತಿನಲ್ಲಿ, ಒಪ್ಪಿಕೊಂಡದ್ದೂ ಬಾಯಿಮಾತಿನಲ್ಲಿ. ಕಾನೂನಿನ ಕಣ್ಣಿಗೆ ಆ ಮಗುವಿನ ಮನೆ ಬೇರೆ ಎಲ್ಲೋ ಇದೆ!

ಇಲ್ಲಿ ನಮ್ಮ ಸಮುದಾಯದ ತೊಡಕು ಇನ್ನೊಂದು ಸುತ್ತು ಹೆಚ್ಚಿನದು. "ಇಸ್ಲಾಮಿನಲ್ಲಿ ದತ್ತು ಇಲ್ಲ" ಎಂಬ ಒಂದು ವಾಕ್ಯ ಎಲ್ಲರಿಗೂ ಗೊತ್ತು. ಅದರ ಮುಂದಿನ ವಾಕ್ಯ ಹೆಚ್ಚಿನವರಿಗೆ ಗೊತ್ತಿಲ್ಲ. ಪವಿತ್ರ ಕುರ್‌ಆನಿನ ಅಲ್ ಅಹ್‌ಝಾಬ್ ಅಧ್ಯಾಯದ 4 ಮತ್ತು 5ನೇ ಸೂಕ್ತಗಳು ನಿಷೇಧಿಸುವುದು ಸಾಕುವುದನ್ನಲ್ಲ, ವಂಶವನ್ನು ಬದಲಿಸುವುದನ್ನು. ಮಗುವನ್ನು ಅದರ ತಂದೆಯ ಹೆಸರಿನಿಂದಲೇ ಕರೆಯಬೇಕು ಎಂಬುದು ಅಲ್ಲಿನ ಆದೇಶ. ಈ ಆದೇಶದ ಹಿನ್ನೆಲೆಯಲ್ಲಿರುವ ಹಝ್ರತ್ ಝೈದ್ ಬಿನ್ ಹಾರಿಸಾರ(ರ) ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಬಾಲ್ಯದಲ್ಲಿ ಅಪಹೃತರಾಗಿ ಗುಲಾಮರಾಗಿ ಮಾರಲ್ಪಟ್ಟ ಅವರು ಹಝ್ರತ್ ಖದೀಜಾರ(ರ) ಮೂಲಕ ಪ್ರವಾದಿಯವರ(ಸ) ಮನೆ ಸೇರಿದರು. ಹೆತ್ತ ತಂದೆ ಹುಡುಕಿಕೊಂಡು ಮಕ್ಕಾಕ್ಕೆ ಬಂದು, ಬಿಡುಗಡೆಯ ಹಣ ಕೊಡಲು ಮುಂದಾದರು. ಪ್ರವಾದಿಯವರು(ಸ) ಹಣವನ್ನು ಕೇಳಲಿಲ್ಲ, ತೀರ್ಮಾನವನ್ನು ಝೈದ್‌ರಿಗೇ ಬಿಟ್ಟರು. ಝೈದ್‌ರು ಉಳಿಯಲು ಬಯಸಿದರು. ಹೆತ್ತವರೂ ಸಾಕಿದವರೂ ಎದುರುಬದುರಾದಾಗ ಮಗುವಿನ ಇಚ್ಛೆಯನ್ನು ಕೇಳಿದ ಈ ಘಟನೆ ನಮ್ಮ ಪ್ರವಚನಗಳಲ್ಲಿ ಎಷ್ಟು ಸಲ ಬಂದಿದೆ? ಬಂದಿದ್ದರೂ ಅದರಿಂದ ಒಂದು ಕಾನೂನಿನ ತತ್ವವನ್ನು ಹೆಕ್ಕಿಕೊಂಡವರು ವಿರಳ. ಮುಂದೆ ಅವರ ಹೆಸರು ಝೈದ್ ಬಿನ್ ಹಾರಿಸಾ ಎಂದೇ ಮರಳಿ ಸ್ಥಾಪಿತವಾಯಿತು. ಪ್ರೀತಿ ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಹೀಗೆ ವಂಶವನ್ನು ಉಳಿಸಿಕೊಂಡೇ ಮಗುವಿನ ಪೂರ್ಣ ಹೊಣೆ ಹೊರುವುದಕ್ಕೆ ಕಫಾಲತ್ ಎಂದು ಹೆಸರು. ಇದು ನಮ್ಮ ಕಿತಾಬುಗಳಲ್ಲಿ ಮಾತ್ರ ಇರುವ ಪದವಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯಲ್ಲಿ ಪೋಷಕತ್ವ ಮತ್ತು ದತ್ತುವಿನ ಜೊತೆಗೆ ಕಫಾಲತ್ ಹೆಸರಿನಿಂದಲೇ ಉಲ್ಲೇಖಗೊಂಡಿದೆ. ಭಾರತ 1992ರಲ್ಲಿ ಆ ಒಡಂಬಡಿಕೆಯನ್ನು ಒಪ್ಪಿಕೊಂಡಿದೆ.

ಆದರೆ ನಮ್ಮ ನಾಯಕತ್ವ ಏನು ಮಾಡಿತು? 1972ರಲ್ಲಿ ಎಲ್ಲ ಧರ್ಮೀಯರಿಗೂ ಅನ್ವಯವಾಗುವ ದತ್ತು ಮಸೂದೆ ಸಂಸತ್ತಿನಲ್ಲಿ ಮಂಡನೆಯಾದಾಗ ದೇಶದಾದ್ಯಂತ ವಿರೋಧ ಎದ್ದಿತು. ಮುಸ್ಲಿಮ್ ಪರ್ಸನಲ್ ಲಾ ಬೋರ್ಡ್‌ನ ಹುಟ್ಟಿಗೆ ಆ ಮಸೂದೆಯೂ ಒಂದು ಕಾರಣ. 1978ರಲ್ಲಿ ಮಸೂದೆ ವಾಪಸಾಯಿತು. 2014ರ ಫೆಬ್ರವರಿ 19ರಂದು ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್, ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದು, ಆದರೆ ಅದು ಬಯಸಿದವರಿಗಷ್ಟೇ, ಯಾರ ಮೇಲೂ ಹೇರಿಕೆಯಲ್ಲ ಎಂದಿತು. ಆಗಲೂ ಬೋರ್ಡ್ ನ್ಯಾಯಾಲಯದ ಮುಂದೆ ಹೋಗಿ ಕಫಾಲತ್ತನ್ನು ಮುಂದಿಟ್ಟಿತು. ಆ ವಾದ ಸರಿಯಾದುದೇ. ಆದರೆ ನ್ಯಾಯಾಲಯದಲ್ಲಿ ಮುಂದಿಟ್ಟ ಕಫಾಲತ್ತನ್ನು ಊರಿನಲ್ಲಿ ಎಲ್ಲಿ ತೋರಿಸುತ್ತೀರಿ ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರವೇನು? ಯತೀಮ್‌ಖಾನಾದ ಕಟ್ಟಡವನ್ನು ತೋರಿಸುತ್ತೇವೆ. ರಮಝಾನ್‌ನಲ್ಲಿ ಒಂದೇ ಬಣ್ಣದ ಬಟ್ಟೆ ತೊಟ್ಟ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುತ್ತೇವೆ. ಅಲ್ಲಿನ ಶ್ರಮವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಅಲ್ಲಿ ಬೆಳೆದವರು ನನ್ನ ಸಹಪಾಠಿಗಳಾಗಿದ್ದರು. ಆದರೆ ಝಕಾತ್‌ನ ಹಣ ಕಟ್ಟಡಕ್ಕೆ ಹರಿಯುವಷ್ಟು ಸಲೀಸಾಗಿ, ತಂಗಿಯ ಮಗನನ್ನು ಸಾಕುತ್ತಿರುವ ಬಡ ಖಾಲಾಳ ಮನೆಗೆ ಹರಿಯುವುದಿಲ್ಲ. ಹನಫೀ ಫಿಕ್ಹ್‌ನ ಪ್ರಕಾರ ಅಜ್ಜಿ ತನ್ನ ಝಕಾತನ್ನು ಸ್ವಂತ ಮೊಮ್ಮಗುವಿಗೆ ಕೊಡುವಂತಿಲ್ಲ ಎಂಬುದು ನಿಜ. ಆದರೆ ಅಣ್ಣನ ಅಥವಾ ತಂಗಿಯ ಬಡ ಮಗುವಿಗೆ ಕೊಡಬಹುದು. ನೆರೆಯವರಂತೂ ಆ ಮನೆಗೆ ಧಾರಾಳವಾಗಿ ಕೊಡಬಹುದು. ಇದನ್ನು ಹೇಳುವವರಾರು?

ಕಾಗದದ ಮಾತಿಗೆ ಬರೋಣ. ಸಂಬಂಧಿಕರ ನಡುವೆ ಬರೆಸಿಕೊಳ್ಳುವುದು ಅಪನಂಬಿಕೆಯ ಲಕ್ಷಣ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಸಾಲ ಕೊಡುವಾಗ ಬರೆದಿಡಿ, ಸಾಕ್ಷಿಗಳನ್ನು ನಿಲ್ಲಿಸಿ ಎಂದು ಅಲ್ ಬಕರಾ ಅಧ್ಯಾಯ ಸುದೀರ್ಘವಾಗಿ ಆದೇಶಿಸುತ್ತದೆ. ಅನಾಥನ ಸೊತ್ತನ್ನು ಮರಳಿಸುವಾಗ ಸಾಕ್ಷಿಗಳಿರಲಿ ಎನ್ನುತ್ತದೆ ಅನ್ನಿಸಾ ಅಧ್ಯಾಯದ 6ನೇ ಸೂಕ್ತ. ಬಡವನಾದ ಪಾಲಕನು ಆ ಸೊತ್ತಿನಿಂದ ನ್ಯಾಯಯುತವಾದಷ್ಟನ್ನು ಬಳಸಿಕೊಳ್ಳಬಹುದು ಎಂದೂ ಅದೇ ಸೂಕ್ತ ಅನುಮತಿಸುತ್ತದೆ. ಅಂದರೆ ಸಾಕುವವರಿಗೆ ಕರ್ತವ್ಯ ಮಾತ್ರವಲ್ಲ, ಹಕ್ಕೂ ಇದೆ. ನೂರು ರೂಪಾಯಿಯ ಸಾಲಕ್ಕೆ ಬರಹ ಬೇಕೆಂದ ಧರ್ಮದ ಅನುಯಾಯಿಗಳು ಜೀವಂತ ಮಗುವನ್ನು ಬಾಯಿಮಾತಿನಲ್ಲಿ ಕೈ ಬದಲಾಯಿಸುತ್ತಿದ್ದೇವಲ್ಲ!

ಹಾಗಾದರೆ ಖಾಲಾ ಯಾವ ಕಾಗದವನ್ನು ಮಾಡಿಸಿಕೊಳ್ಳಬಹುದಿತ್ತು? ಮೊದಲನೆಯದು 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ. ಬ್ರಿಟಿಷರ ಕಾಲದ್ದಾದರೂ ಇಂದಿಗೂ ಮುಸ್ಲಿಮರಿಗೆ ಅತ್ಯಂತ ಉಪಯುಕ್ತವಾದ ಕಾಯ್ದೆ ಇದು. ಇದರಡಿ ನ್ಯಾಯಾಲಯ ಪಾಲಕರನ್ನು ನೇಮಿಸುತ್ತದೆ. ಮಗುವಿನ ಹೆಸರಾಗಲಿ ವಂಶವಾಗಲಿ ಬದಲಾಗುವುದಿಲ್ಲ, ಆದ್ದರಿಂದ ಶರೀಅತ್‌ನ ದೃಷ್ಟಿಯಿಂದ ಯಾವ ಆಕ್ಷೇಪಕ್ಕೂ ಆಸ್ಪದವಿಲ್ಲ. ಮಗು ಸಾಮಾನ್ಯವಾಗಿ ವಾಸಿಸುವ ಊರು ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿದೆಯೋ ಅಲ್ಲಿಯೇ ಅರ್ಜಿ ಸಲ್ಲಿಸಬಹುದು. ಮಗುವಿನ ಕ್ಷೇಮವೇ ಮುಖ್ಯ ಎನ್ನುವ 17ನೇ ಕಲಮು, ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನೂ ನ್ಯಾಯಾಧೀಶರು ಪರಿಗಣಿಸಬಹುದು ಎಂದು ಹೇಳುತ್ತದೆ. ಝೈದ್‌ರ(ರ) ಕತೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಒಂದು ಗಟ್ಟಿ ಅಡ್ಡಿಯಿದೆ. ತಂದೆ ಅಥವಾ ತಾಯಿ ಬದುಕಿದ್ದು, ಅವರು ಅನರ್ಹರೆಂದು ನ್ಯಾಯಾಲಯಕ್ಕೆ ಕಾಣದಿದ್ದರೆ, ಬೇರೊಬ್ಬರನ್ನು ಮಗುವಿನ ಪಾಲಕರನ್ನಾಗಿ ನೇಮಿಸಲು 19ನೇ ಕಲಮು ಅವಕಾಶ ಕೊಡುವುದಿಲ್ಲ. ಖಾಲಾರ ಪ್ರಕರಣದಲ್ಲಿ ತಂದೆ ಬದುಕಿದ್ದಾರೆ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಪಾಲಕತ್ವ ಬೇರೆ, ಮಗು ಯಾರ ಬಳಿ ಇರಬೇಕು ಎಂಬ ಪ್ರಶ್ನೆ ಬೇರೆ. ಬೆಂಗಳೂರಿನ ಒಂದು ಮುಸ್ಲಿಮ್ ಕುಟುಂಬದಲ್ಲಿ ತಾಯಿ ತೀರಿಕೊಂಡು ತಂದೆ ಮರುಮದುವೆಯಾದಾಗ, ತಾಯಿಯ ಕಡೆಯ ಅಜ್ಜ ಮತ್ತು ಇತರ ಬಂಧುಗಳು ಇಬ್ಬರು ಮಕ್ಕಳಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದ್ದರು. ಆ ಪ್ರಕರಣ ಸುಪ್ರೀಮ್ ಕೋರ್ಟಿನವರೆಗೆ ಹೋಯಿತು. ಮುಖ್ಯ ಅರ್ಜಿಯ ತೀರ್ಮಾನವಾಗುವವರೆಗೆ ಮಕ್ಕಳು ತಾಯಿಯ ಕಡೆಯವರ ಬಳಿಯೇ ಇರಲಿ ಎಂಬ ಕರ್ನಾಟಕ ಹೈಕೋರ್ಟಿನ ಆದೇಶವನ್ನು 2010ರ ಜನವರಿಯಲ್ಲಿ ಸುಪ್ರೀಮ್ ಕೋರ್ಟ್ ಎತ್ತಿಹಿಡಿಯಿತು. ಇದನ್ನು ಓದಿ ಎಲ್ಲ ಖಾಲಾಗಳೂ ನಿಶ್ಚಿಂತರಾಗಬೇಕಾಗಿಲ್ಲ. 2019ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ, ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡ ಎಳೆ ಮಗುವನ್ನು ಸಾಕುತ್ತಿದ್ದ ಚಿಕ್ಕಮ್ಮಂದಿರ ಕೈಯಿಂದ ತಂದೆಗೆ ಒಪ್ಪಿಸಲು ಅದೇ ಸುಪ್ರೀಮ್ ಕೋರ್ಟ್ ಆದೇಶಿಸಿತು. ಆ ತಂದೆ ಮಗುವನ್ನು ಬಿಟ್ಟುಹೋದವರಾಗಿರಲಿಲ್ಲ, ಅವರೂ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದರು. ಎರಡೂ ತೀರ್ಪುಗಳು ತಮ್ಮ ತಮ್ಮ ಸಂದರ್ಭದಲ್ಲಿ ನ್ಯಾಯವೇ ಇರಬಹುದು. ಯಾರು ಎಷ್ಟು ಕಾಲ ಸಾಕಿದರು, ಯಾರು ವಿಚಾರಿಸಿಕೊಂಡರು ಎಂಬುದಕ್ಕೆ ದಾಖಲೆಯಿದ್ದರೆ ಮಾತ್ರ ನ್ಯಾಯಾಲಯ ಅದನ್ನು ತೂಗಿ ನೋಡಬಲ್ಲದು.

ಹೆತ್ತವರ ಹಕ್ಕನ್ನು ನಾನು ಅಲ್ಲಗಳೆಯುತ್ತಿಲ್ಲ. 2020ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಹೆರಿಗೆ ಆಸ್ಪತ್ರೆಯಿಂದ ಮುಸ್ಲಿಮ್ ತಾಯಿಯೊಬ್ಬಳ ಹಸುಗೂಸು ಕಳುವಾಯಿತು. ಬಾಡಿಗೆ ತಾಯಿಯ ಮೂಲಕ ಹುಟ್ಟಿದ ಮಗುವೆಂದು ನಂಬಿಸಿ ಅದನ್ನು ಕೊಪ್ಪಳದ ದಂಪತಿಗೆ ಮಾರಲಾಗಿತ್ತು. ಪೊಲೀಸರು ಪತ್ತೆಹಚ್ಚುವ ಹೊತ್ತಿಗೆ ಆ ಸಾಕುತಾಯಿಗೆ ಮಗುವೇ ಲೋಕವಾಗಿತ್ತು. ಹೆತ್ತವಳಿಗೆ ಬೇರೆ ಇಬ್ಬರು ಮಕ್ಕಳಿದ್ದಾರೆ, ತನಗೆ ಯಾರೂ ಇಲ್ಲ ಎಂದು ಆಕೆ ಹೈಕೋರ್ಟಿನಲ್ಲಿ ವಾದಿಸಿದಳು. 2021ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಆ ವಾದವನ್ನು ಒಪ್ಪಲಿಲ್ಲ. ಮಕ್ಕಳು ಎಣಿಸಿ ಹಂಚಿಕೊಳ್ಳುವ ಸರಕಲ್ಲ ಎಂಬುದು ಅವರ ನಿಲುವಾಗಿತ್ತು. ಎದೆಹಾಲುಣಿಸುವುದು ತಾಯಿಯ ಮೂಲಭೂತ ಹಕ್ಕಿನ ಭಾಗ ಎಂದೂ ಅವರು ಹೇಳಿದರು. ಇಷ್ಟೇ ಆಗಿದ್ದರೆ ಇದೊಂದು ಸಾಮಾನ್ಯ ತೀರ್ಪು. ಸಾಕುತಾಯಿ ಮಗುವನ್ನು ಮರಳಿಸಿದಳು, ಹೆತ್ತ ತಾಯಿಯು ಮನಸ್ಸಾದಾಗಲೆಲ್ಲ ಬಂದು ಮಗುವನ್ನು ನೋಡಿಕೊಂಡು ಹೋಗು ಎಂದಳು. ಬೇರೆ ಬೇರೆ ಧರ್ಮಕ್ಕೆ ಸೇರಿದ ಇಬ್ಬರು ಹೆಂಗಸರ ಈ ಔದಾರ್ಯವನ್ನು ನ್ಯಾಯಮೂರ್ತಿಗಳು ತೀರ್ಪಿನಲ್ಲೇ ಮೆಚ್ಚಿದರು. ಕೋಮುದ್ವೇಷದ ಸುದ್ದಿಗಳಿಗೆ ಕೊಡುವ ಜಾಗದಲ್ಲಿ ನಾಲ್ಕನೇ ಒಂದು ಭಾಗವನ್ನಾದರೂ ನಮ್ಮ ಚಾನೆಲ್‌ಗಳು ಇದಕ್ಕೆ ಕೊಡಬಾರದಿತ್ತೇ? ಆದರೆ ಸಾಕಿದವಳಿಗೆ ಸಿಕ್ಕ ಆ ಭೇಟಿಯ ಅವಕಾಶವೂ ಹೆತ್ತವಳ ದೊಡ್ಡ ಮನಸ್ಸಿನಿಂದ ಬಂದದ್ದೇ ಹೊರತು, ಅದನ್ನು ಹಕ್ಕೆಂದು ಹೇಳುವ ಕಾಯ್ದೆಯಿಂದಲ್ಲ.

ಮಕ್ಕಳಿಲ್ಲದವರು ನೆಂಟರ ಮಗುವನ್ನು ಪಡೆದು ಛಾಪಾ ಕಾಗದದಲ್ಲಿ ದತ್ತು ಪತ್ರ ಬರೆಸಿಕೊಳ್ಳುವ ಪರಿಪಾಠ ನಮ್ಮಲ್ಲಿದೆ. ಇನ್ನೂ ಕೆಲವರು ಜನನ ಪ್ರಮಾಣಪತ್ರದಲ್ಲೇ ಸಾಕುವವರ ಹೆಸರನ್ನು ಹೆತ್ತವರೆಂದು ಬರೆಸಿಬಿಡುತ್ತಾರೆ. ಎರಡನೆಯದಂತೂ ಕಾನೂನಿನಲ್ಲೂ ಅಪರಾಧ, ಶರೀಅತ್‌ನಲ್ಲೂ ಪಾಪ. ಅನಾಥ, ಪರಿತ್ಯಕ್ತ ಅಥವಾ ಸಮಿತಿಗೆ ಒಪ್ಪಿಸಲಾದ ಮಗುವನ್ನು ಕಾಯ್ದೆಯ ಕ್ರಮ ಮೀರಿ ದತ್ತು ಕೊಟ್ಟರೂ ಪಡೆದರೂ 2015ರ ಬಾಲನ್ಯಾಯ ಕಾಯ್ದೆಯ 80ನೇ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಉತ್ತರ ಕರ್ನಾಟಕದ ಮುಸ್ಲಿಮ್ ತಾಯಿಯೊಬ್ಬಳು ತನ್ನ ಅವಳಿ ಹೆಣ್ಣುಮಕ್ಕಳಲ್ಲಿ ಒಂದನ್ನು ಇಪ್ಪತ್ತು ರೂಪಾಯಿಯ ಛಾಪಾ ಕಾಗದದ ಮೇಲೆ ಇನ್ನೊಂದು ದಂಪತಿಗೆ ಕೊಟ್ಟಾಗ ಎರಡೂ ಕುಟುಂಬಗಳ ಮೇಲೆ ಇದೇ ಕಲಮಿನಡಿ ಮೊಕದ್ದಮೆ ಬಿತ್ತು. ಹೆತ್ತವರು ನೇರವಾಗಿ ಕೊಟ್ಟ ಮಗು ಪರಿತ್ಯಕ್ತವಲ್ಲ ಎಂದು 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅದನ್ನು ರದ್ದುಪಡಿಸಿತು. ಸೆರೆಮನೆ ತಪ್ಪಿತು ಎಂದ ಮಾತ್ರಕ್ಕೆ ಆ ಇಪ್ಪತ್ತು ರೂಪಾಯಿಯ ಕಾಗದ ಅವರನ್ನು ಪಾಲಕರನ್ನಾಗಿ ಮಾಡುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಬಾಲನ್ಯಾಯ ಕಾಯ್ದೆಯಲ್ಲಿ ದತ್ತುವಿನ ಆಚೆಗೂ ಒಂದು ದಾರಿಯಿದೆ, ಅದು 44ನೇ ಕಲಮಿನ ಪೋಷಕತ್ವ. ದತ್ತುವಿನಲ್ಲಿ ಹೆತ್ತ ಕುಟುಂಬದ ನಂಟು ಕಾನೂನಿನಲ್ಲಿ ಕಡಿದುಹೋಗುತ್ತದೆ. ಪೋಷಕತ್ವದಲ್ಲಿ ಹಾಗಿಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯು ಮಗುವನ್ನು ಒಂದು ಕುಟುಂಬಕ್ಕೆ ಸಾಕಲು ಒಪ್ಪಿಸುತ್ತದೆ, ಹೆತ್ತವರು ಬಂದು ನೋಡಬಹುದು, ಮಗುವಿನ ತಂದೆಯ ಹೆಸರು ಹಾಗೆಯೇ ಉಳಿಯುತ್ತದೆ. ಕಫಾಲತ್‌ಗೆ ಇದಕ್ಕಿಂತ ಹತ್ತಿರದ ವ್ಯವಸ್ಥೆ ದೇಶದ ಕಾನೂನಿನಲ್ಲಿ ಇನ್ನೊಂದಿಲ್ಲ. 2024ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಒಂಟಿ ಮಹಿಳೆಯರೂ ಪೋಷಕರಾಗಬಹುದು. ಮಿಷನ್ ವಾತ್ಸಲ್ಯದಡಿ ಪೋಷಕತ್ವಕ್ಕೂ ಪ್ರಾಯೋಜಕತ್ವಕ್ಕೂ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಹೆತ್ತವರಿಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಮಕ್ಕಳು ಪ್ರಾಯೋಜಕತ್ವಕ್ಕೆ ಅರ್ಹರೆಂದು ಯೋಜನೆಯೇ ಹೇಳುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಗಳಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಿರಬಾರದು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕೋಲಾರ ಎಷ್ಟು ದೂರವಿದೆ? ಒಂದು ಬಸ್ಸಿನ ದಾರಿ. ನಮ್ಮ ಓಣಿಯಲ್ಲಿ ನಾನು ವಿಚಾರಿಸಿದ ಮನೆಗಳಲ್ಲಿ ಈ ಯೋಜನೆಯ ಹೆಸರು ಕೇಳಿದವರು ಒಬ್ಬರೂ ಸಿಗಲಿಲ್ಲ.

ಕಾಯ್ದೆಯ ಕೊರತೆಯನ್ನೂ ಹೇಳಬೇಕು. 44ನೇ ಕಲಮು ಪೋಷಕ ಕುಟುಂಬದ ಹೊಣೆಗಳನ್ನು ವಿವರಿಸುತ್ತದೆ: ಶಿಕ್ಷಣ, ಆರೋಗ್ಯ, ಪೌಷ್ಟಿಕ ಆಹಾರ. ಆ ಕುಟುಂಬದ ಹಕ್ಕೇನು ಎಂಬಲ್ಲಿಗೆ ಬಂದಾಗ ಅದು ಮೌನ ತಾಳುತ್ತದೆ. ಸಮಿತಿಯ ಆದೇಶದಿಂದ ಅಸಮಾಧಾನವಾದರೆ 101ನೇ ಕಲಮಿನಡಿ 30 ದಿನಗಳೊಳಗೆ ಜಿಲ್ಲಾಧಿಕಾರಿಯವರಿಗೆ ಮೇಲ್ಮನವಿ ಸಲ್ಲಿಸಬಹುದು ಎಂಬುದೊಂದೇ ಕೈಗೆ ಸಿಗುವ ಆಸರೆ. ಇನ್ನು ಶಾಲೆಯ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಮಗುವಿನ ಆರೈಕೆ ಮತ್ತು ವಶ ಯಾರಲ್ಲಿದೆಯೋ ಅವರೂ ಪಾಲಕರೇ ಎನ್ನುತ್ತದೆ. "ತಂದೆಯನ್ನೇ ಕರೆತನ್ನಿ" ಎಂದು ಖಾಲಾಳನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವ ಮುಖ್ಯೋಪಾಧ್ಯಾಯರಿಗೆ ಈ ಮಾತನ್ನು ವಿನಯದಿಂದ ತೋರಿಸಬಹುದು.

ಕೋವಿಡ್ ಕಾಲದಲ್ಲಿ ಸರಕಾರಕ್ಕೆ ಸಾಕುವವರು ಒಮ್ಮೆ ಕಣ್ಣಿಗೆ ಬಿದ್ದರು. 2021ರಲ್ಲಿ ರಾಜ್ಯ ಸರಕಾರ ಬಾಲ ಸೇವಾ ಯೋಜನೆಯಡಿ, ಹೆತ್ತವರಿಬ್ಬರನ್ನೂ ಕಳೆದುಕೊಂಡ ಮಗುವನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಕೇಂದ್ರದ ಪಿ.ಎಂ. ಕೇರ್ಸ್ ಯೋಜನೆಯು ಹೆತ್ತವರನ್ನು ಮಾತ್ರವಲ್ಲ, ಕಾನೂನುಬದ್ಧ ಪಾಲಕರನ್ನು ಕಳೆದುಕೊಂಡ ಮಕ್ಕಳನ್ನೂ ಸೇರಿಸಿಕೊಂಡಿತು. 'ಕಾನೂನುಬದ್ಧ' ಎಂಬ ಪದದ ಮೇಲೆ ಬೆರಳಿಡಿ. ಸಾಕುತ್ತಿದ್ದ ನಾನಿ ಕೋವಿಡ್‌ನಿಂದ ತೀರಿಕೊಂಡರೆ, ಆಕೆಯ ಬಳಿ ನ್ಯಾಯಾಲಯದ ಆದೇಶ ಇಲ್ಲದಿದ್ದರೆ, ಆ ಮಗು ಸರಕಾರದ ಲೆಕ್ಕದಲ್ಲಿ ಯಾರನ್ನೂ ಕಳೆದುಕೊಂಡಿರಲಿಲ್ಲ.

ಆಸ್ತಿಯ ಪ್ರಶ್ನೆಯಲ್ಲಿ ನಮ್ಮ ಫಿಕ್ಹ್ ಉದಾರವಾಗಿದೆ, ಬಳಸುವವರು ಕಡಿಮೆ. ಸಾಕುಮಗು ವಾರಸುದಾರನಲ್ಲ, ಹಾಲುಮಗುವೂ ಅಲ್ಲ. ವಾರಸುದಾರನಲ್ಲದ ಕಾರಣದಿಂದಲೇ ಮೂರನೇ ಒಂದು ಭಾಗದವರೆಗೆ ಅವನಿಗೆ ವಸಿಯ್ಯತ್ ಬರೆಯಲು ಬೇರೆ ವಾರಸುದಾರರ ಒಪ್ಪಿಗೆ ಬೇಕಿಲ್ಲ. ಬದುಕಿರುವಾಗ ಹಿಬಾದ ಮೂಲಕ ಎಷ್ಟನ್ನಾದರೂ ಕೊಡಬಹುದು, ಆದರೆ ಸೊತ್ತನ್ನು ವಶಕ್ಕೆ ಒಪ್ಪಿಸಿರಬೇಕು. ಇಲ್ಲೊಂದು ಸೂಕ್ಷ್ಮವಿದೆ. ಪಾಲಕನೇ ತನ್ನ ಪಾಲನೆಯಲ್ಲಿರುವ ಅಪ್ರಾಪ್ತನಿಗೆ ಕೊಟ್ಟರೆ ಪ್ರತ್ಯೇಕವಾಗಿ ವಶ ಒಪ್ಪಿಸುವ ಅಗತ್ಯವಿಲ್ಲ. ಪಾಲಕನೆಂದು ಯಾರೂ ನೇಮಿಸದ, ಬರಿದೇ ಸಾಕುತ್ತಿರುವ ಸಂಬಂಧಿಕನಿಗೆ ಈ ಸೌಲಭ್ಯವಿಲ್ಲ. ಅಂಥವನು ಮಗುವಿನ ಸ್ಥಿರಾಸ್ತಿಯನ್ನು ಮಾರುವಂತೆಯೂ ಇಲ್ಲ, ಮಾರಿದರೆ ಅದು ಅಸಿಂಧು ಎಂದು 1918ರಲ್ಲೇ ಪ್ರಿವಿ ಕೌನ್ಸಿಲ್, ಮತ್ತೆ 1952ರಲ್ಲಿ ಸುಪ್ರೀಮ್ ಕೋರ್ಟ್ ಹೇಳಿವೆ. ನ್ಯಾಯಾಲಯದ ಆದೇಶ ಇಲ್ಲಿಯೂ ಬೇಕಾಗುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಕಾಯ್ದೆ. ವೃದ್ಧಾಪ್ಯದಲ್ಲಿ ಮಕ್ಕಳಿಂದ ಜೀವನಾಂಶ ಕೊಡಿಸುವ 2007ರ ಹಿರಿಯ ನಾಗರಿಕರ ಕಾಯ್ದೆಯು 'ಪೋಷಕರು' ಎಂದರೆ ಯಾರು ಎಂದು ವ್ಯಾಖ್ಯಾನಿಸುತ್ತದೆ. ಹೆತ್ತವರು ಇದ್ದಾರೆ, ದತ್ತು ಪಡೆದವರು ಇದ್ದಾರೆ, ಮಲತಂದೆ ಮಲತಾಯಿಯರೂ ಇದ್ದಾರೆ. ಸಾಕಿದವರು ಇಲ್ಲ! ನಾಳೆ ಖಾಲಾಗೆ ವಯಸ್ಸಾಗಿ, ಆ ಹುಡುಗ ಚೆನ್ನಾಗಿ ಸಂಪಾದಿಸುವವನಾದರೆ, ಹದಿಮೂರು ವರ್ಷ ಮುಖ ತೋರಿಸದ ತಂದೆ ಅವನಿಂದ ಜೀವನಾಂಶ ಕೇಳಬಹುದು, ಹಾಲುಣಿಸಿದ ಖಾಲಾ ಕೇಳುವಂತಿಲ್ಲ. ಆಕೆ ಅವನಿಗೆ ಮನೆ ಬರೆದುಕೊಡುವುದಾದರೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿದರೆ 23ನೇ ಕಲಮು ಸ್ವಲ್ಪ ರಕ್ಷಣೆ ಕೊಡುತ್ತದೆ. ಬರೆದುಕೊಡಲು ಮನೆಯೇ ಇಲ್ಲದವರ ಪಾಡೇನು? ಕಾಯ್ದೆಯ ವ್ಯಾಖ್ಯಾನಕ್ಕೆ ಒಂದು ಪದ ಸೇರಿಸಿದರೆ ಯಾವ ಧರ್ಮದ ವೈಯಕ್ತಿಕ ಕಾನೂನಿಗೂ ಧಕ್ಕೆಯಾಗದು. ಪರ್ಸನಲ್ ಲಾ ಬೋರ್ಡ್ ಆಗಲಿ, ಓಟು ಕೇಳಲು ನಮ್ಮ ಓಣಿಗೆ ಬರುವ ಜನಪ್ರತಿನಿಧಿಗಳಾಗಲಿ ಈ ಒಂದು ಪದಕ್ಕಾಗಿ ಇದುವರೆಗೆ ಧ್ವನಿಯೆತ್ತಿದ್ದನ್ನು ನಾನು ಕೇಳಿಲ್ಲ.

ಜಮಾಅತ್‌ಗಳ ಕೈಯಲ್ಲಿ ಆಗುವ ಕೆಲಸವೂ ಉಂಟು. ಪ್ರತಿಯೊಂದು ಮಸೀದಿಯಲ್ಲಿ ನಿಕಾಹ್‌ನ ದಫ್ತರವಿದೆ. ಮಗುವೊಂದನ್ನು ಸಾಕಲು ಒಪ್ಪಿಸುವಾಗಲೂ ಇಂಥದೇ ದಫ್ತರದಲ್ಲಿ ತಾರೀಖು, ತಂದೆಯ ಸಹಿ, ಇಬ್ಬರು ಸಾಕ್ಷಿಗಳು, ಖರ್ಚು ಯಾರದು ಎಂಬ ವಿವರ ದಾಖಲಾಗಲಿ. ಅದು ನ್ಯಾಯಾಲಯದ ಆದೇಶಕ್ಕೆ ಸಮನಲ್ಲ, ಆದರೆ ನ್ಯಾಯಾಲಯದ ಮುಂದಿಡಬಹುದಾದ ಪುರಾವೆ. ಹಾಲುಣಿಸಿದ್ದರೆ ಅದನ್ನೂ ಬರೆದಿಡಲಿ, ಏಕೆಂದರೆ ಮುಂದೆ ವಿವಾಹ ಸಂಬಂಧಗಳಲ್ಲಿ ಯಾರು ಮಹ್ರಮ್ ಎಂಬುದು ಅದನ್ನು ಅವಲಂಬಿಸಿದೆ. ಜುಮಾದ ಬಳಿಕ ವರ್ಷಕ್ಕೆರಡು ಸಲ ಒಬ್ಬ ವಕೀಲರನ್ನು ಕೂರಿಸಲು ಎಷ್ಟು ಖರ್ಚಾದೀತು? ಒಂದು ಇಫ್ತಾರ್ ಕೂಟದ ಖರ್ಚಿನ ಎಷ್ಟನೇ ಭಾಗ?

ಖಾಲಾರನ್ನು ನಾವು ವಕೀಲರಲ್ಲಿಗೆ ಕರೆದುಕೊಂಡು ಹೋದೆವು. ಹುಡುಗನ ತಂದೆಯೊಂದಿಗೆ ಜಮಾಅತ್‌ನ ಇಬ್ಬರು ಹಿರಿಯರು ಮಾತನಾಡಿದ್ದಾರೆ. ಎಸ್.ಎಸ್.ಎಲ್.ಸಿ. ಮುಗಿಯುವವರೆಗೆ ಬಿಡುತ್ತೇನೆ ಎನ್ನುತ್ತಾರೆ, ಬರೆದುಕೊಡಲು ಮಾತ್ರ ಹಿಂಜರಿಯುತ್ತಾರೆ. ಅರ್ಜಿ ಹಾಕಲು ತೀರ್ಮಾನವಾಗಿದೆ. ಹುಡುಗ ಇಷ್ಟು ವರ್ಷ ನಿಮ್ಮ ಬಳಿಯೇ ಇದ್ದ ಎನ್ನುವುದಕ್ಕೆ ಏನಾದರೂ ಇದೆಯೇ ಎಂದು ವಕೀಲರು ಕೇಳಿದರು. ಖಾಲಾ ಮನೆಗೆ ಹೋಗಿ ಒಂದು ತಗಡಿನ ಪೆಟ್ಟಿಗೆ ತಂದರು. ಅದರಲ್ಲಿ ಲಸಿಕೆಯ ಕಾರ್ಡು, ಔಷಧಿ ಚೀಟಿಗಳು, ಒಂದನೇ ತರಗತಿಯಿಂದ ಇಲ್ಲಿಯವರೆಗಿನ ಪ್ರಗತಿ ಪತ್ರಗಳು ಇದ್ದವು. ಪ್ರತಿ ಪತ್ರದಲ್ಲೂ 'ಪೋಷಕರ ಸಹಿ' ಎಂಬ ಕಡೆ ಉರ್ದುವಿನಲ್ಲಿ ಅವರದೇ ಹೆಸರು. ವಕೀಲರು ಕನ್ನಡಕ ಹಾಕಿಕೊಂಡು ಆ ಸಹಿಗಳನ್ನು ಒಂದೊಂದಾಗಿ ಎಣಿಸತೊಡಗಿದರು.